ಪ್ರದರ್ಶನದ ಅಂಗಳದಲ್ಲಿ ಕೆಲಸದ ನಾಯಿ

ನ್ಯೂಯಾರ್ಕಿನ ವೆಸ್ಟ್‌ಮಿನ್‌ಸ್ಟರ್ ಕೆನೆಲ್ ಕ್ಲಬ್ಬಿನವರು ತಮ್ಮ ಮೊದಲನೆಯ ಶ್ವಾನಪ್ರದರ್ಶನವನ್ನು ಏರ್ಪಡಿಸಿದ್ದು 1877ರಲ್ಲಿ. ಈಚಿನ ಕೆಲವು ವರ್ಷ ಬೇರೆ ಜಾಗಗಳಲ್ಲಿ ನಡೆದು, 2025ರಲ್ಲಿ ಅದು ಮತ್ತೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿಗೆ ಮರಳಿತು. ಅಲ್ಲಿ ನಾಯಿಗಳನ್ನು ತೂಗಿ ನೋಡುವ ರೀತಿ ನಮ್ಮಂಥ ಕನ್ನಡ ಮೇಷ್ಟರಿಗೆ ತೀರ ಹೊಸದೆಂದು ತೋರುವುದಿಲ್ಲ. ತೀರ್ಪುಗಾರನು ಈ ನಾಯಿಯನ್ನು ಪಕ್ಕದ ನಾಯಿಯೊಡನೆ ಹೋಲಿಸುವುದಕ್ಕಿಂತ ಮಿಗಿಲಾಗಿ, ಆ ತಳಿಗೆಂದು ಬರೆದಿಟ್ಟಿರುವ ಲಕ್ಷಣದೊಡನೆ ಹೋಲಿಸಿ ನೋಡಬೇಕು. ಹಲ್ಲಿನ ಸಾಲು, ಬೆನ್ನಿನ ಗೆರೆ, ಕಿವಿಯ ನಿಲುವು, ರೋಮದ ಬಣ್ಣ, ನಡೆವಾಗ ಹೆಜ್ಜೆ ಬೀಳುವ ಬಗೆ, ಎಲ್ಲಕ್ಕೂ ಮಾತು ಗೊತ್ತಾಗಿದೆ. ಮಹಾಕಾವ್ಯವೆಂದರೆ ಸಮುದ್ರ ಬಂತೆ, ಪರ್ವತ ಬಂತೆ, ಚಂದ್ರೋದಯ ಬಂತೆ, ಜಲಕ್ರೀಡೆ ಬಂತೆ ಎಂದು ಹದಿನೆಂಟು ವರ್ಣನೆಗಳ ಪಟ್ಟಿ ಹಿಡಿದು ಎಣಿಸುತ್ತಿದ್ದ ಲಾಕ್ಷಣಿಕರು ಈ ಅಂಗಳಕ್ಕೆ ಬಂದಿದ್ದರೆ ಅವರಿಗೆ ಸ್ವಂತ ಮನೆಗೆ ಬಂದಂತಾಗುತ್ತಿತ್ತು. ಆ ಪಟ್ಟಿಯಲ್ಲಿ ಒಂದನ್ನೂ ಬಿಡದೆ ಬರೆದ ಕಾವ್ಯಗಳು ನಮ್ಮ ಗ್ರಂಥಭಂಡಾರಗಳಲ್ಲಿ ಎಷ್ಟು ಸುಖವಾಗಿ ನಿದ್ರಿಸುತ್ತಿವೆಯೆಂಬುದನ್ನು ನಾನು ಹೇಳಬೇಕಾಗಿಲ್ಲ.

ಈ ಅಂಗಳಕ್ಕೆ ಕಣ್ಣಿಲ್ಲದ ಒಬ್ಬಾತ ತನ್ನ ಮಾರ್ಗದರ್ಶಿ ನಾಯಿಯೊಡನೆ, ದೂರದ ಊರಿನಿಂದ ರೈಲು ಹತ್ತಿ ಬಂದನೆಂದು ಇಟ್ಟುಕೊಳ್ಳೋಣ. ಸ್ಪರ್ಧೆಗೆ ಹೆಸರು ಕೊಡದ ನಾಯಿಗೆ ಇಂಥ ಕಡೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಆದರೆ ಅಂಗವಿಕಲರ ಹಕ್ಕುಗಳನ್ನು ಕುರಿತ ಅಮೆರಿಕದ 1990ರ ಕಾನೂನು ಇವನ ನಾಯಿಯನ್ನು ಬಾಗಿಲಲ್ಲಿ ತಡೆಯಗೊಡುವುದಿಲ್ಲ. ಅದು ಒಡೆಯನೊಡನೆ ಒಳಗೆ ಬರುತ್ತದೆ. ಬಂದರೂ ಸ್ಪರ್ಧಿಸುವ ಹಾಗಿಲ್ಲ. ಮಾರ್ಗದರ್ಶಿ ನಾಯಿಗಳಿಗೆ ಮರಿಯಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸುವುದು ವಾಡಿಕೆ. ರೂಪಸ್ಪರ್ಧೆಗೆ ನಿಲ್ಲುವ ನಾಯಿಗೆ ಅದು ಆಗಿರಕೂಡದು. ಏಕೆಂದರೆ ಮುಂದಿನ ಪೀಳಿಗೆಗೆ ತಕ್ಕ ತಂದೆತಾಯಿಗಳನ್ನು ಆರಿಸುವುದೇ ಆ ಸ್ಪರ್ಧೆಯ ಮೂಲೋದ್ದೇಶ. ಹೀಗಾಗಿ ಆ ಜನಜಂಗುಳಿಯಲ್ಲಿ, ಆ ಗಳಿಗೆಯಲ್ಲಿ, ಒಬ್ಬ ಮನುಷ್ಯನ ಪ್ರಾಣದ ಹೊಣೆ ಹೊತ್ತು ಕೆಲಸ ಮಾಡುತ್ತಿರುವ ನಾಯಿಯ ಹೆಸರು ಯಾರ ಪಟ್ಟಿಯಲ್ಲಿಯೂ ಇರುವುದಿಲ್ಲ. ಅದು ಚೆನ್ನಾಗಿ ಕೆಲಸ ಮಾಡಿತೆಂಬುದಕ್ಕೆ ಗುರುತು ಒಂದೇ: ಏನೂ ಆಗಲಿಲ್ಲ. ಯಾರೂ ಎಡವಲಿಲ್ಲ, ಯಾರೂ ಕಂಬಕ್ಕೆ ಹಣೆ ಬಡಿದುಕೊಳ್ಳಲಿಲ್ಲ. ಏನೂ ಆಗದೆ ಇದ್ದುದಕ್ಕೆ ಯಾವ ತೀರ್ಪುಗಾರ ಬಹುಮಾನ ಕೊಟ್ಟಾನು? ಯಾವ ಲೇಖಕ ಅದನ್ನು ಕಥೆ ಮಾಡಿಯಾನು?

ಈ ಎರಡನೆಯ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಮಾರಿಸ್ ಫ್ರಾಂಕನ 'ಫಸ್ಟ್ ಲೇಡಿ ಆಫ್ ದಿ ಸೀಯಿಂಗ್ ಐ' ಎಂಬ ಪುಸ್ತಕವನ್ನು ಈಚೆಗೆ ಮತ್ತೊಮ್ಮೆ ಓದಿದೆ. ಬ್ಲೇಕ್ ಕ್ಲಾರ್ಕ್ ಎಂಬಾತನೊಡನೆ ಸೇರಿ ಬರೆದ ಈ ಪುಸ್ತಕ 1957ರಲ್ಲಿ ಹೊರಬಂದಿತು. ಆತ್ಮಕಥೆ ಎನ್ನಬಹುದು, ಒಂದು ಸಂಸ್ಥೆಯ ಚರಿತ್ರೆ ಎನ್ನಬಹುದು, ಒಂದು ನಾಯಿಯ ಜೀವನಚರಿತ್ರೆ ಎಂದರೂ ಸಲ್ಲುತ್ತದೆ. ಈ ಮೂರರಲ್ಲಿ ಯಾವುದಾಗಬೇಕೆಂದು ಪುಸ್ತಕವೇ ಕೊನೆಯವರೆಗೂ ತೀರ್ಮಾನಿಸಿಕೊಂಡಿಲ್ಲ. ಅದರ ಗುಣವೂ ದೋಷವೂ ಅಲ್ಲಿಂದಲೇ ಹುಟ್ಟಿವೆ.

ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಫ್ರಾಂಕ್ ಟೆನೆಸಿ ಪ್ರಾಂತದ ನ್ಯಾಶ್‌ವಿಲ್ ಊರಿನವನು, 1908ರಲ್ಲಿ ಹುಟ್ಟಿದವನು. ಆರನೆಯ ವಯಸ್ಸಿನಲ್ಲಿ ಕುದುರೆಯ ಮೇಲಿದ್ದಾಗ ಮರದ ಕೊಂಬೆ ಬಡಿದು ಒಂದು ಕಣ್ಣು ಹೋಯಿತು. ಹದಿನಾರರಲ್ಲಿ ಮುಷ್ಟಿಯುದ್ಧದ ಆಟದಲ್ಲಿ ಇನ್ನೊಂದು. ತಾಯಿಯೂ ಕಣ್ಣು ಕಳೆದುಕೊಂಡವಳೇ. ಚಿಕ್ಕಂದಿನಲ್ಲಿ ಅವಳಿಗೆ ದಾರಿ ತೋರಿ ನಡೆಸುತ್ತಿದ್ದ ಹುಡುಗ ಈಗ ತಾನೇ ಬೇರೆಯವರ ತೋಳು ಹಿಡಿದು ನಡೆಯಬೇಕಾಯಿತು. 1927ರ ನವೆಂಬರ್ 5ರ 'ಸ್ಯಾಟರ್‌ಡೇ ಈವ್ನಿಂಗ್ ಪೋಸ್ಟ್' ಪತ್ರಿಕೆಯಲ್ಲಿ ಡೊರೊತಿ ಹ್ಯಾರಿಸನ್ ಯೂಸ್ಟಿಸ್ ಎಂಬ ಮಹಿಳೆ ಬರೆದ ಲೇಖನವೊಂದನ್ನು ತಂದೆ ಓದಿ ಹೇಳಿದ. ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಜರ್ಮನಿಯಲ್ಲಿ ನಾಯಿಗಳನ್ನು ತರಬೇತು ಮಾಡುತ್ತಿದ್ದ ವಿಷಯ ಅದು. ಪಾಟ್ಸ್‌ಡಾಮಿನ ಶಾಲೆಯನ್ನು ಆಕೆ ಕಣ್ಣಾರೆ ಕಂಡು ಬರೆದಿದ್ದಳು. ಫ್ರಾಂಕ್ ಆಕೆಗೆ ಕಾಗದ ಬರೆದ. 1928ರಲ್ಲಿ ಸ್ವಿಟ್ಜರ್‌ಲೆಂಡಿಗೆ ಹೋಗಿ, ವೆವೇ ಪಟ್ಟಣದ ಮೇಲಿನ ಬೆಟ್ಟದಲ್ಲಿ ಆಕೆ ನಡೆಸುತ್ತಿದ್ದ 'ಫಾರ್ಚುನೇಟ್ ಫೀಲ್ಡ್ಸ್' ಎಂಬಲ್ಲಿ ತರಬೇತು ಪಡೆದು, ಒಂದು ಹೆಣ್ಣು ಜರ್ಮನ್ ಷೆಪರ್ಡ್ ನಾಯಿಯೊಡನೆ ಹಿಂದಿರುಗಿದ. ಮರುವರ್ಷ 1929ರಲ್ಲಿ ನ್ಯಾಶ್‌ವಿಲ್‌ನಲ್ಲಿ 'ದಿ ಸೀಯಿಂಗ್ ಐ' ಸಂಸ್ಥೆ ಹುಟ್ಟಿತು. ಆಮೇಲೆ ಅದು ನ್ಯೂಜೆರ್ಸಿಗೆ ಹೋಗಿ ನೆಲೆಸಿತು.

ಆ ನಾಯಿಗೆ ಮೊದಲು 'ಕಿಸ್' ಎಂಬ ಹೆಸರಿತ್ತಂತೆ. ನಡುಬೀದಿಯಲ್ಲಿ ನಿಂತು ಮುತ್ತನ್ನು ಕೂಗಿ ಕರೆಯುವುದು ಇಪ್ಪತ್ತರ ತರುಣನಿಗೆ ಸಂಕೋಚವಾಗಿ, 'ಬಡ್ಡಿ' ಎಂದು ಬದಲಾಯಿಸಿದ. ಇಂಗ್ಲಿಷಿನಲ್ಲಿ ಅದಕ್ಕೆ ಗೆಳೆಯ, ಒಡನಾಡಿ ಎಂದು ಅರ್ಥ. ನಮ್ಮ ಕಿವಿಗೆ ಸಾಹುಕಾರನ ಲೆಕ್ಕದ ಪುಸ್ತಕ ನೆನಪಾದರೆ ಅದು ನಾಯಿಯ ತಪ್ಪಲ್ಲ.

ಶ್ವಾನಪ್ರದರ್ಶನಕ್ಕೂ ಈ ಪುಸ್ತಕಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಬಡ್ಡಿಯ ರಕ್ತದಲ್ಲಿಯೇ ಇದೆ. ಜರ್ಮನ್ ಷೆಪರ್ಡ್ ಎಂಬ ತಳಿ ಹುಟ್ಟಿದ್ದು ಒಂದು ಪ್ರದರ್ಶನದಲ್ಲಿ. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೇನಾಧಿಕಾರಿ ಕಾರ್ಲ್ಸ್‌ರೂಹೆ ಊರಿನ ನಾಯಿಗಳ ಪ್ರದರ್ಶನದಲ್ಲಿ ಒಂದು ಕುರಿಗಾಹಿ ನಾಯಿಯನ್ನು ಕಂಡು, ಅಲ್ಲಿಯೇ ಕೊಂಡು, ಹೊಸ ಹೆಸರಿಟ್ಟು, ತಳಿಯ ದಾಖಲೆಯಲ್ಲಿ ಮೊದಲನೆಯದಾಗಿ ಬರೆದ. ಕೆಲಸಕ್ಕೆ ಒದಗುವುದೇ ಈ ನಾಯಿಯ ಚೆಲುವು ಎಂಬುದು ಆತನ ನಿಲುವು. ಆದರೆ ಮಾದರಿಯೊಂದನ್ನು ಬರೆದಿಟ್ಟಮೇಲೆ ಜನ ಮಾದರಿಯ ಅಕ್ಷರವನ್ನು ಸಾಕುತ್ತಾರೆ, ಅದರ ಅರ್ಥವನ್ನಲ್ಲ. ಶ್ರೀಮತಿ ಯೂಸ್ಟಿಸ್ ಬೆಟ್ಟದ ಮೇಲೆ ಪ್ರಯೋಗ ಹೂಡಿದ್ದು ಇದಕ್ಕಾಗಿಯೇ: ರೂಪದ ಹಿಂದೆ ಹೋಗಿ ಕಳೆದುಹೋಗುತ್ತಿದ್ದ ಕೆಲಸದ ಶಕ್ತಿಯನ್ನು ಮತ್ತೆ ತಳಿಯೊಳಕ್ಕೆ ತರುವುದಕ್ಕಾಗಿ. ಬಡ್ಡಿಯನ್ನು ಪಳಗಿಸಿದ ಹಂಫ್ರಿ ಎಂಬಾತ ಮತ್ತೊಬ್ಬನೊಡನೆ ಸೇರಿ ಆ ಪ್ರಯೋಗದ ವಿವರವನ್ನು 1934ರಲ್ಲಿ 'ವರ್ಕಿಂಗ್ ಡಾಗ್ಸ್' ಎಂಬ ಗ್ರಂಥವಾಗಿ ಬರೆದಿದ್ದಾನೆ. ದುಡಿಮೆಯ ಸಾಮರ್ಥ್ಯವನ್ನೂ ಮೈಕಟ್ಟಿನ ಸೌಂದರ್ಯವನ್ನೂ ಒಂದೇ ನಾಯಿಯಲ್ಲಿ ಕೂಡಿಸುವ ಯತ್ನವೆಂದು ಅದರ ಉಪಶೀರ್ಷಿಕೆಯೇ ಸಾರುತ್ತದೆ. ವಸ್ತು-ರೀತಿಗಳ ಜಗಳ ನಮ್ಮ ಕಾವ್ಯಮೀಮಾಂಸೆಯಲ್ಲಿ ಮಾತ್ರ ಇದೆಯೆಂದು ತಿಳಿದವರು ಈ ನಾಯಿಗಳ ಕಡೆ ಒಮ್ಮೆ ನೋಡಬೇಕು.

ಈಗ ಪುಸ್ತಕಕ್ಕೆ ಬರೋಣ. ಅದರ ಮೊದಲ ಭಾಗದಲ್ಲಿ ಎರಡು ಪ್ರಯಾಣಗಳಿವೆ. ಹೋಗುವಾಗ ಫ್ರಾಂಕ್ ಒಬ್ಬನೇ. ಅವನನ್ನು ಒಂದು ಸಾಗಣೆಯ ಕಂಪನಿಗೆ ಒಪ್ಪಿಸಿದ್ದರು. ಹಡಗಿನಲ್ಲಿ ಅವನ ಸ್ಥಿತಿ ಪಾರ್ಸೆಲ್ಲಿನದು. ಹೊತ್ತುಹೊತ್ತಿಗೆ ಆಳು ಬಂದು ಗಾಳಿಗೆ ಕರೆದೊಯ್ಯಬೇಕು, ಮತ್ತೆ ತಂದು ಕೋಣೆಯೊಳಗೆ ಬಿಟ್ಟು ಬೀಗ ಹಾಕಬೇಕು. ಹಿಂದಿರುಗುವಾಗ ಬಡ್ಡಿ ಜತೆಗಿದೆ. ಅದೇ ಸಮುದ್ರ, ಅಂಥದೇ ಹಡಗು, ಆದರೆ ಈಗ ಅವನು ಹಡಗಿನ ತುಂಬ ಓಡಾಡುತ್ತಾನೆ. ಗ್ರಂಥಕರ್ತ ಇದನ್ನು ದೊಡ್ಡ ದನಿಯಲ್ಲಿ ಹೇಳಿಲ್ಲ. ಎರಡು ಪ್ರಯಾಣಗಳನ್ನು ಅಕ್ಕಪಕ್ಕ ಇಟ್ಟು ಸುಮ್ಮನಾಗಿದ್ದಾನೆ. ಇವೆರಡರ ನಡುವೆ, ವೆವೇ ಪಟ್ಟಣದಲ್ಲಿ, ಕ್ಷೌರದ ಅಂಗಡಿಗೆ ತಾನೇ ಹೋಗಿ ಬಂದ ಸಣ್ಣ ಪ್ರಸಂಗವೊಂದಿದೆ. ಊರಿನಲ್ಲಿ ಕ್ಷೌರವೆಂದರೆ ಯಾರೋ ಕರೆದುಕೊಂಡು ಹೋಗಿ ಕೂರಿಸಬೇಕು, ಮತ್ತೆ ಅವರು ನೆನಪು ಮಾಡಿಕೊಂಡು ಬರುವವರೆಗೆ ಕಾಯಬೇಕು. ಇಲ್ಲಿ ಕ್ಷೌರ ಮುಗಿಯಿತು, ಎದ್ದ, ಹೊರಟ. ನನಗೆ ಈ ಪುಸ್ತಕದಲ್ಲಿ ಅತ್ಯಂತ ಪ್ರಿಯವಾದ ಭಾಗ ಇದು. ಸ್ವಾತಂತ್ರ್ಯವೆಂಬ ಮಾತನ್ನು ನಾವು ಸಭೆಗಳಲ್ಲಿ ಬಳಸಿ ಬಳಸಿ ಸವೆಸಿದ್ದೇವೆ. ಕ್ಷೌರದ ಕುರ್ಚಿಯಿಂದ ತನಗೆ ಬೇಕಾದಾಗ ಎದ್ದು ಹೋಗುವುದು ಅದರ ಅರ್ಥವೆಂದು ಇಲ್ಲಿ ಹೊಸದಾಗಿ ತಿಳಿಯುತ್ತದೆ.

ಆಮೇಲೆ ನ್ಯೂಯಾರ್ಕ್. 1928ರ ಜೂನ್ ತಿಂಗಳಲ್ಲಿ ಹಡಗಿಳಿದಾಗ ಪತ್ರಿಕೆಯವರು ಕಾದಿದ್ದರು. ನಾಯಿ ದಾರಿ ತೋರಿಸುತ್ತದೆಯೆಂದರೆ ಅವರು ನಂಬಬೇಕಲ್ಲ! ಹಡಗುಕಟ್ಟೆಯ ಬಳಿ ವೆಸ್ಟ್ ಸ್ಟ್ರೀಟ್ ಎಂಬ ಅಗಲವಾದ ರಸ್ತೆ. ಲಾರಿ, ಗಾಡಿ, ಟ್ಯಾಕ್ಸಿಗಳು ಒಂದರ ಮೇಲೊಂದು ನುಗ್ಗುವ ಜಾಗ. ಅದನ್ನು ದಾಟಿ ತೋರಿಸೆಂದರು. ಆ ರಸ್ತೆ ಎಂಥದೆಂದು ಫ್ರಾಂಕನಿಗೆ ಗೊತ್ತಿರಲಿಲ್ಲ, ಆಗಲಿ ಎಂದ. ಮುಂದಿನ ಪುಟಗಳಲ್ಲಿ ಬರಿಯ ಶಬ್ದವಿದೆ, ಬಿಸಿಗಾಳಿಯಿದೆ, ಹಿಡಿಕೆಯ ಮೂಲಕ ಅಂಗೈಗೆ ಬರುವ ನಾಯಿಯ ಚಲನೆಯಿದೆ: ನಾಲ್ಕು ಹೆಜ್ಜೆ ಮುಂದೆ, ನಿಲುಗಡೆ, ಒಂದು ಹೆಜ್ಜೆ ಹಿಂದೆ, ಮತ್ತೆ ಮುಂದೆ. ನಡುವೆ ತನಗೆ ದಿಕ್ಕೇ ತಪ್ಪಿತೆಂದೂ, ನಾಯಿಗೆ ತನ್ನನ್ನು ಪೂರ್ತಿಯಾಗಿ ಒಪ್ಪಿಸಿಬಿಟ್ಟೆನೆಂದೂ ಅವನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಆಚೆ ದಡ ಸೇರಿದ ಮೇಲೆ ಶ್ರೀಮತಿ ಯೂಸ್ಟಿಸ್‌ಗೆ ಗೆಲುವನ್ನು ತಿಳಿಸಿ ಕೊಟ್ಟ ತಂತಿಯಲ್ಲಿ ಒಂದೇ ಪದವಿತ್ತು.

ನಾನು ಮೊದಲಿಗೆ ಎತ್ತಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಏನೂ ಆಗದಿದ್ದುದನ್ನು ಕಥೆ ಮಾಡುವುದು ಹೇಗೆ? ಆಗಬಹುದಾಗಿದ್ದುದನ್ನೆಲ್ಲ ಓದುಗನ ಕಿವಿಗೆ ಕೇಳಿಸಿ, ಕಣ್ಣಿಗೆ ಮಾತ್ರ ಕಾಣಿಸದೆ ಇಡುವುದು. ಕಣ್ಣುಳ್ಳ ಲೇಖಕ ಈ ರಸ್ತೆಯನ್ನು ವರ್ಣಿಸಿದ್ದರೆ ಲಾರಿಯ ಬಣ್ಣ, ಚಾಲಕನ ಮುಖ, ಪತ್ರಿಕೆಯವರ ಗಾಬರಿ ಎಲ್ಲವೂ ಬರುತ್ತಿದ್ದುವು, ನಾಯಿ ಮರೆಯಾಗುತ್ತಿತ್ತು. ವರದಿಗಾರರು ಏರ್ಪಡಿಸಿದ್ದು ಒಂದು ಪ್ರದರ್ಶನವನ್ನು. ಆದರೆ ರಸ್ತೆಯ ನಡುವೆ ಪ್ರದರ್ಶಕನಿಗೇ ಪ್ರೇಕ್ಷಕರು ಮರೆತುಹೋದರು. ಪುಸ್ತಕದ ಗದ್ಯ ಇಲ್ಲಿ ತಾನಾಗಿಯೇ ಬಿಗಿಯಾಗಿದೆ.

ಈ ಭಾಗದ ಇನ್ನೊಂದು ಹೆಚ್ಚಳವನ್ನೂ ಹೇಳಬೇಕು. ಇಂಥ ನಾಯಿಗಳನ್ನು ಕುರಿತು ಪತ್ರಿಕೆಗಳಲ್ಲಿ ಬರುವ ಬರಹಗಳಲ್ಲಿ, 'ಅಂಚೆಕಚೇರಿಗೆ ನಡೆ' ಎಂದರೆ ನಾಯಿ ಅಂಚೆಕಚೇರಿಗೆ ಕರೆದೊಯ್ಯುತ್ತದೆಂಬ ಭ್ರಮೆ ಇರುತ್ತದೆ. ಅದು ಹಾಗಲ್ಲ. ದಾರಿಯ ನಕ್ಷೆ ಇರಬೇಕಾದದ್ದು ಮನುಷ್ಯನ ತಲೆಯಲ್ಲಿ. ಎಡಕ್ಕೆ, ಬಲಕ್ಕೆ, ಮುಂದಕ್ಕೆ ಎಂದು ಹೇಳುವವನು ಅವನು. ವಾಹನಗಳ ಸದ್ದು ಆಲಿಸಿ ದಾಟುವ ಹೊತ್ತನ್ನು ಗೊತ್ತುಮಾಡುವವನೂ ಅವನೇ. ನಾಯಿ ಸಿಗ್ನಲ್ ದೀಪದ ಬಣ್ಣ ನೋಡಿ ನಡೆಯುವುದಿಲ್ಲ. ಅಡ್ಡ ಬಂದದ್ದನ್ನು ಬಳಸಿ ನಡೆಸುವುದು, ಪಾದಚಾರಿ ಪಥದ ಅಂಚಿನಲ್ಲಿ ನಿಲ್ಲುವುದು, ತನ್ನ ತಲೆಗೆ ತಾಗದಿದ್ದರೂ ಒಡೆಯನ ತಲೆಗೆ ತಾಗಬಹುದಾದ ತಗ್ಗು ಚಪ್ಪರವನ್ನು ತಪ್ಪಿಸುವುದು ನಾಯಿಯ ಪಾಲಿನ ಕೆಲಸ. ಎಲ್ಲಕ್ಕಿಂತ ದೊಡ್ಡದು, ಹೇಳಿದ ಮಾತನ್ನು ಕೇಳದಿರುವುದು. ಮುಂದೆ ಗಾಡಿ ಬರುತ್ತಿದ್ದರೆ, ಹಳ್ಳವಿದ್ದರೆ, 'ಮುಂದಕ್ಕೆ' ಎಂದು ಒಡೆಯ ಎಷ್ಟು ಸಲ ಹೇಳಿದರೂ ಕದಲಕೂಡದು. ಹೋಟೆಲೊಂದರಲ್ಲಿ ಲಿಫ್ಟಿನ ಬಾಗಿಲು ತೆರೆದಿದ್ದು ಒಳಗೆ ಪೆಟ್ಟಿಗೆಯೇ ಇರದಿದ್ದಾಗ, ಅವಸರದಲ್ಲಿದ್ದ ಫ್ರಾಂಕನನ್ನು ಬಡ್ಡಿ ಅಡ್ಡಗಟ್ಟಿ ಉಳಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಇದನ್ನು ಇಂಗ್ಲಿಷಿನವರು ಬುದ್ಧಿಯುಳ್ಳ ಅವಿಧೇಯತೆ ಎನ್ನುತ್ತಾರೆ. ನಾಯಿಗೆ ವಿಧೇಯತೆ ಕಲಿಸುವುದು ಕಷ್ಟವಲ್ಲ. ಯಾವಾಗ ಮೀರಬೇಕೆಂಬುದನ್ನು ಕಲಿಸುವುದು ಕಷ್ಟ. ಪ್ರದರ್ಶನದ ಅಂಗಳದಲ್ಲಿ ಈ ಗುಣವನ್ನು ಪರೀಕ್ಷಿಸುವ ಉಪಾಯವಿಲ್ಲ. ಅಲ್ಲಿ ಹೇಳಿದಂತೆ ನಿಲ್ಲದ ನಾಯಿ ಹಿಂದೆ ಬೀಳುತ್ತದೆ. ನಮ್ಮ ಕವಿಗಳಲ್ಲಿಯೂ ಲಕ್ಷಣಗ್ರಂಥದ ಮಾತನ್ನು ಕೇಳದೆ ಸರಿಯಾದ ಜಾಗದಲ್ಲಿ ನಿಂತುಬಿಟ್ಟವರನ್ನೇ ನಾವು ಇಂದಿಗೂ ಓದುತ್ತಿದ್ದೇವೆ. ಹೋಲಿಕೆ ಕವಿಗಳಿಗೆ ಅಪಮಾನವೆಂದು ಯಾರಾದರೂ ಭಾವಿಸಿದರೆ, ಅವರು ಬಡ್ಡಿಯನ್ನು ಬಲ್ಲವರಲ್ಲ.

ನಾಯಿಗೆ ಬಾಗಿಲು ಮುಚ್ಚಿದ ಕಥೆಯೆಂದರೆ ನಮ್ಮವರಿಗೆ ಧರ್ಮರಾಯ ನೆನಪಿಗೆ ಬಾರದೆ ಇರಲಾರ. ಮಹಾಪ್ರಸ್ಥಾನದಲ್ಲಿ ಹೆಂಡತಿ ಬಿದ್ದಳು, ತಮ್ಮಂದಿರು ಬಿದ್ದರು. ಹಸ್ತಿನಾವತಿಯಿಂದ ಹಿಂಬಾಲಿಸಿ ಬಂದ ನಾಯಿಯೊಂದು ಉಳಿಯಿತು. ಇಂದ್ರ ರಥ ತಂದು, ನಾಯಿಗೆ ಸ್ವರ್ಗದಲ್ಲಿ ಎಡೆಯಿಲ್ಲವೆಂದ. ಧರ್ಮರಾಯ, ಹಾಗಾದರೆ ತಾನೂ ಒಲ್ಲೆನೆಂದ. (ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿಬಿಟ್ಟದ್ದರಿಂದ ಈ ನಾಯಿ ಅವನ ಕೈಗೆ ಸಿಗಲಿಲ್ಲ, ಸಂದರ್ಭ ತಿಮ್ಮಣ್ಣಕವಿಯ ಪಾಲಾಯಿತು. ಕುಮಾರವ್ಯಾಸನ ಇಂದ್ರ ಆ ನಾಯಿಯನ್ನು ಕಂಡು ಏನೆನ್ನುತ್ತಿದ್ದನೋ ಎಂದು ನಾನು ಎಷ್ಟೋ ಸಲ ಊಹಿಸಿಕೊಂಡು ಸಂತೋಷಪಟ್ಟಿದ್ದೇನೆ.) ಆದರೆ ವ್ಯಾಸರ ಕಥೆಯಲ್ಲಿ ನಾಯಿ ನಾಯಿಯಾಗಿ ಉಳಿಯುವುದಿಲ್ಲ, ಅದು ಯಮಧರ್ಮನ ವೇಷ. ಪರೀಕ್ಷೆ ಮುಗಿದೊಡನೆ ವೇಷ ಕಳಚಿ, ನಾಯಿಯ ಸಮಸ್ಯೆಯೇ ಇಲ್ಲವಾಗುತ್ತದೆ. ಸ್ವರ್ಗದ ಕಾನೂನು ಹಾಗೆಯೇ ಉಳಿಯಿತು. ಫ್ರಾಂಕನ ಪುಸ್ತಕದಲ್ಲಿ ರೈಲಿನವರು ಬಡ್ಡಿಯನ್ನು ಸಾಮಾನಿನ ಡಬ್ಬಿಗೆ ಹಾಕೆನ್ನುತ್ತಾರೆ, ಹೋಟೆಲಿನವರು ಕೋಣೆಯಿಲ್ಲವೆನ್ನುತ್ತಾರೆ. ಬಡ್ಡಿ ಎಲ್ಲಿಯೂ ದೇವತೆಯಾಗಿ ಎದ್ದು ನಿಲ್ಲುವುದಿಲ್ಲ. ಇಲ್ಲಿ ಪರೀಕ್ಷೆ ನಡೆದದ್ದು ಬಾಗಿಲು ಕಾಯುವವರಿಗೆ. ನಾಯಿ ನಾಯಿಯಾಗಿಯೇ ಒಳಗೆ ಬರಬೇಕಾಗಿದ್ದುದರಿಂದ ಕಾನೂನೇ ಬದಲಾಗಬೇಕಾಯಿತು. 1935ರ ಹೊತ್ತಿಗೆ ಅಮೆರಿಕದ ರೈಲ್ವೆಗಳೆಲ್ಲ ಇಂಥ ನಾಯಿಗಳನ್ನು ಒಡೆಯರ ಜತೆಯಲ್ಲಿಯೇ ಕೂರಗೊಟ್ಟವು. 1956ರ ಹೊತ್ತಿಗೆ ಅಲ್ಲಿನ ಎಲ್ಲ ಪ್ರಾಂತಗಳೂ ಕಾನೂನು ಮಾಡಿದ್ದುವು.

ಇಷ್ಟನ್ನು ಮೆಚ್ಚಿ ಹೇಳಿದಮೇಲೆ, ಪುಸ್ತಕದ ಉತ್ತರಾರ್ಧದ ಬಗೆಗೆ ಅಷ್ಟೇ ಸ್ಪಷ್ಟವಾಗಿ ಹೇಳದೆ ವಿಧಿಯಿಲ್ಲ. ಅದು ಸೊರಗಿದೆ. ಫ್ರಾಂಕ್ ಊರಿಂದೂರಿಗೆ ಹೋಗುತ್ತಾನೆ, ಸಭೆ ಸೇರುತ್ತದೆ, ಬಡ್ಡಿ ಜನರ ಮನ ಗೆಲ್ಲುತ್ತದೆ, ಅನುಮಾನಿಸಿದವನು ಅಧ್ಯಾಯದ ಕೊನೆಯಲ್ಲಿ ಮನಸ್ಸು ಬದಲಾಯಿಸುತ್ತಾನೆ. ಹೊಸ ಊರು, ಮತ್ತೆ ಸಭೆ. ವೆಸ್ಟ್ ಸ್ಟ್ರೀಟಿನಲ್ಲಿ ದಿಕ್ಕು ತಪ್ಪಿದವನ ದನಿ ಇಲ್ಲಿಲ್ಲ. ಇದು ವಿಮೆ ಮಾರಿ ಪಳಗಿದವನ ದನಿ. ಫ್ರಾಂಕ್ ತರುಣನಾಗಿದ್ದಾಗ ವಿಮೆಯ ಏಜೆಂಟನಾಗಿದ್ದವನೇ. ನಾಯಿ ಇಲ್ಲಿ ನಡೆಸುವುದಕ್ಕಿಂತ ಮೆರೆಯುವುದು ಹೆಚ್ಚು. ನನ್ನ ಮಾತು ಕಟುವೆನಿಸಿದರೂ ಹೇಳುತ್ತೇನೆ: ಮೊದಲ ಭಾಗದಲ್ಲಿ ಮಾರ್ಗದರ್ಶಿಯಾಗಿದ್ದ ಬಡ್ಡಿಯನ್ನು ಗ್ರಂಥಕರ್ತ ಎರಡನೆಯ ಭಾಗದಲ್ಲಿ ಶ್ವಾನಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದಾನೆ. ಜತೆಗೆ ತಾನೂ ಅಂಗಳದೊಳಗೆ ಹೋಗಿ ನಿಂತಿದ್ದಾನೆ.

ಇಷ್ಟಕ್ಕೇ ನಿಲ್ಲಿಸಿ ತೀರ್ಪು ಬರೆದುಬಿಡಬಹುದಾಗಿತ್ತು. ಆದರೆ ನನ್ನ ಬಿ.ಎ. ತರಗತಿಯಲ್ಲಿ ಕಣ್ಣ ಕಾಣದ ಒಬ್ಬ ವಿದ್ಯಾರ್ಥಿಯಿದ್ದಾನೆ. ಗೆಳೆಯನ ಭುಜ ಹಿಡಿದು ತರಗತಿಗೆ ಬರುತ್ತಾನೆ. ಗೆಳೆಯ ರಜೆ ಹಾಕಿದ ದಿನ ಇವನಿಗೂ ರಜೆ. ಪಾಠಗಳನ್ನು ಫೋನಿನಲ್ಲಿ ಓದಿಸಿಕೊಂಡು ಕೇಳುತ್ತಾನೆ. ಆತ್ಮಕಥೆಯೆಂಬ ಸಾಹಿತ್ಯಪ್ರಕಾರವನ್ನು ಪಾಠ ಹೇಳುವಾಗ ಒಮ್ಮೆ ಫ್ರಾಂಕನ ಮಾತು ಬಂದಿತು. ಬಡ್ಡಿ ಬರುವುದಕ್ಕೆ ಮೊದಲು ನ್ಯಾಶ್‌ವಿಲ್‌ನ ಬೀದಿಯಲ್ಲಿ ಯಾರೂ ತನ್ನನ್ನು ಮಾತನಾಡಿಸುತ್ತಿರಲಿಲ್ಲ, ಬಂದಮೇಲೆ ಅಪರಿಚಿತರೂ ನಿಂತು ಮಾತನಾಡಿಸತೊಡಗಿದರು ಎಂದು ಫ್ರಾಂಕ್ ಸಂತೋಷದಿಂದ ಬರೆದಿರುವುದನ್ನು ಹೇಳಿದೆ. ತರಗತಿ ಮುಗಿದ ಮೇಲೆ ಈ ಹುಡುಗ ಬಂದು, "ಹಾಗಾದ್ರೆ ಸಾರ್, ಅವರು ಮಾತಾಡಿಸಿದ್ದು ನಾಯೀನ. ಮೊದಲೂ ಅವನು ಅಲ್ಲೇ ಇದ್ದನಲ್ಲ?" ಎಂದ. ನಾನು ಏನೋ ಹೇಳಿದೆ. ಉತ್ತರವೆನ್ನುವಂಥದೇನೂ ಅಲ್ಲ.

ಆ ಪ್ರಶ್ನೆಯನ್ನು ಇಟ್ಟುಕೊಂಡು ಉತ್ತರಾರ್ಧವನ್ನು ಮತ್ತೆ ಓದಿದರೆ ದೋಷ ದೋಷವಾಗಿಯೇ ಉಳಿಯುತ್ತದೆ, ಆದರೆ ಅದರ ಬೇರು ಬೇರೆ ಕಡೆ ಕಾಣುತ್ತದೆ. ಎಲ್ಲರಂತೆ ಸುಮ್ಮನೆ ಬೀದಿಯಲ್ಲಿ ನಡೆದುಹೋಗುವ ಹಕ್ಕು, ಯಾರ ಕಣ್ಣಿಗೂ ಬೀಳದೆ ಹೋಗುವ ಹಕ್ಕು ಈ ಮನುಷ್ಯನಿಗೆ ಬೇಕಾಗಿತ್ತು. ಅದನ್ನು ಪಡೆಯಲು ಅವನಿಗಿದ್ದ ದಾರಿಯೆಂದರೆ ಎಲ್ಲರ ಕಣ್ಣಿಗೂ ಬೀಳುವುದು! ಮೂವತ್ತು ವರ್ಷಕ್ಕೆ ಹತ್ತಿರ ಅವನು ತನ್ನನ್ನು ತಾನೇ ಪ್ರದರ್ಶಿಸಿಕೊಂಡ. ಅನುಕಂಪ ಬೇಡವೆಂಬುದರಲ್ಲಿ ಮಾತ್ರ ಅವನು ಬಿಗಿ. ಅವನ ಸಂಸ್ಥೆಯಲ್ಲಿ ನಾಯಿಯನ್ನು ದಾನವಾಗಿ ಕೊಡುತ್ತಿರಲಿಲ್ಲ. 1934ರಲ್ಲಿ ಗೊತ್ತಾದಂತೆ ಮೊದಲ ನಾಯಿಗೆ 150 ಡಾಲರು, ಖರ್ಚಿನ ಒಂದು ಸಣ್ಣ ಪಾಲೇ ಆದರೂ, ಪಡೆಯುವವನು ಸ್ವಂತ ಕೈಯಿಂದ ತೆರಬೇಕು. ಇಷ್ಟು ಸ್ವಾಭಿಮಾನವುಳ್ಳವನು ಸಭೆಯಿಂದ ಸಭೆಗೆ ನಾಯಿಯನ್ನು ಮೆರೆಸಿಕೊಂಡು ಹೋದಾಗ ಒಳಗೊಳಗೆ ಏನನ್ನು ಅನುಭವಿಸಿದ? ಪುಸ್ತಕದ ಅತ್ಯಂತ ದೊಡ್ಡ ಅಧ್ಯಾಯವಾಗಬೇಕಾಗಿದ್ದ ಸಂಗತಿ ಇದು. ಇದನ್ನು ಅವನು ಬರೆಯಲಿಲ್ಲ. ಚಪ್ಪಾಳೆಯ ಸದ್ದಿನಲ್ಲಿ ಮುಚ್ಚಿಬಿಟ್ಟ. ನನ್ನ ನಿಜವಾದ ಆಕ್ಷೇಪ ಇದೇ ಹೊರತು, ಅವನು ಪ್ರದರ್ಶನ ಮಾಡಿದನೆಂಬುದಲ್ಲ.

ಇದೇ ಮಾತನ್ನು ಇನ್ನೊಂದು ಪ್ರಸಿದ್ಧ ನಾಯಿಪುಸ್ತಕದೊಡನೆ ಹೋಲಿಸಿ ನೋಡಬಹುದು. ವರ್ಜಿನಿಯಾ ವುಲ್ಫಳ 'ಫ್ಲಷ್' 1933ರಲ್ಲಿ ಬಂದದ್ದು. ಕವಯಿತ್ರಿ ಎಲಿಜಬೆತ್ ಬ್ಯಾರೆಟ್ಟಳ ಸ್ಪೇನಿಯಲ್ ನಾಯಿಯ ಜೀವನಚರಿತ್ರೆ. ಹಳ್ಳಿಯಿಂದ ಲಂಡನ್ನಿನ ವಿಂಪೋಲ್ ಬೀದಿಯ ರೋಗಿಯ ಕೋಣೆಗೆ ಬಂದ ನಾಯಿ ಅದು. ಮೊದಲ ಅಧ್ಯಾಯದಲ್ಲಿಯೇ ಆಕೆ ಸ್ಪೇನಿಯಲ್ ಕ್ಲಬ್ಬಿನ ಲಕ್ಷಣಶಾಸ್ತ್ರವನ್ನು ಎತ್ತಿಕೊಂಡು, ಕಣ್ಣಿನ ಬಣ್ಣ ತಿಳಿಯಾದರೆ ಕುಂದು, ನೆತ್ತಿಯ ಮೇಲೆ ಜುಟ್ಟಿದ್ದರೆ ಕುಂದು ಎಂಬ ವಿಧಿಗಳನ್ನು ಗಂಭೀರವಾಗಿ ಒಪ್ಪಿಸಿ, ಮನುಷ್ಯರ ಕುಲೀನತೆಗೆ ಇಷ್ಟು ಖಚಿತವಾದ ಕಾನೂನಿಲ್ಲವಲ್ಲ ಎಂದು ಮರುಗುತ್ತಾಳೆ. ನಗೆ ಎಷ್ಟು ನಯವಾಗಿದೆಯೆಂದರೆ ಕಚ್ಚಿದ್ದು ಆಮೇಲೆ ತಿಳಿಯುತ್ತದೆ. ಕಥೆಯ ಕೊನೆಯ ಕಡೆ, ಫ್ಲಾರೆನ್ಸಿನಲ್ಲಿ ಚಿಗಟದ ಕಾಟಕ್ಕೆ ಫ್ಲಷ್‌ನ ರೋಮವನ್ನೆಲ್ಲ ಕತ್ತರಿಸಿಹಾಕುತ್ತಾರೆ. ಕುಲದ ಗುರುತು ಹೋಯಿತು. ಈಗ ಅವನು ಯಾರೂ ಅಲ್ಲ. ಯಾರೂ ಅಲ್ಲದ್ದರಿಂದಲೇ ಹಗುರಾಗಿ ಊರೆಲ್ಲ ಅಲೆಯುತ್ತಾನೆ. ಪ್ರದರ್ಶನದಿಂದ ಬಿಡುಗಡೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಪುಸ್ತಕವನ್ನು ನಾನು ಓದಿಲ್ಲ.

ಕಲೆಯ ದೃಷ್ಟಿಯಿಂದ 'ಫ್ಲಷ್' ಮೇಲಾದ ಪುಸ್ತಕ. ಅದರಲ್ಲಿ ಒಂದು ಪುಟ ಜಾಸ್ತಿಯಿಲ್ಲ. ಫ್ರಾಂಕನಲ್ಲಿ ಅರ್ಧದಷ್ಟು ಜಾಸ್ತಿ. ಆದರೂ ವುಲ್ಫಳ ನಾಯಿ ಕೊನೆಗೂ ಒಂದು ಕನ್ನಡಿ. ಅದರಲ್ಲಿ ಕಾಣುವುದು ವಿಕ್ಟೋರಿಯಾ ಯುಗದ ಮನೆ, ತಂದೆಯ ದಬ್ಬಾಳಿಕೆ, ಕೋಣೆಯಲ್ಲಿ ಮುಚ್ಚಿಹೋದ ಹೆಣ್ಣಿನ ಬಾಳು. ಫ್ಲಷ್ ಒಡತಿಯ ಕಾಲ ಬಳಿ ಮಲಗಿದ್ದಾನೆ. ಅವಳನ್ನು ಕೋಣೆಯಿಂದ ಹೊರಗೆ ನಡೆಸಿದ್ದು ಅವನಲ್ಲ. ವೆಸ್ಟ್ ಸ್ಟ್ರೀಟಿನ ಆ ಕೆಲವು ಪುಟಗಳನ್ನು ವುಲ್ಫ್ ಬರೆಯಲಾರಳು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಅದಕ್ಕೆ ಪ್ರತಿಭೆಯ ಕೊರತೆ ಕಾರಣವಲ್ಲ. ಹಿಡಿಕೆ ಹಿಡಿದ ಅಂಗೈ ಅವಳದಾಗಿರಲಿಲ್ಲ.

ಬಡ್ಡಿ 1938ರ ಮೇ 23ರಂದು ತೀರಿಕೊಂಡಿತು. ಆಮೇಲೆ ಬಂದ ನಾಯಿಗಳಿಗೂ ಫ್ರಾಂಕ್ ಬಡ್ಡಿ ಎಂದೇ ಹೆಸರಿಟ್ಟ. ಕೆಲವರು ಇದನ್ನು ಪ್ರೇಮದ ಕುರುಹೆಂದು ಕೊಂಡಾಡುತ್ತಾರೆ. ನನಗೇನೋ ಇದರಲ್ಲಿ ಒಂದು ಸಣ್ಣ ಅನ್ಯಾಯ ಕಾಣುತ್ತದೆ. ಮಗ್ಗುಲಲ್ಲಿ ನಡೆದ ನಾಯಿ ತನ್ನದೇ ಹೆಸರಿಗೆ ಅರ್ಹವಾಗಿತ್ತು. ಇಲ್ಲಿ ಹೆಸರು ಒಂದು ಹುದ್ದೆಯಾಯಿತು. ಫ್ರಾಂಕ್ 1980ರಲ್ಲಿ ತೀರಿಕೊಂಡ. 1984ರಲ್ಲಿ ಅವನ ಕಥೆ ಅಮೆರಿಕದ ದೂರದರ್ಶನಕ್ಕೆ ಚಲನಚಿತ್ರವಾಗಿ ಬಂದಿತು. 2005ರಲ್ಲಿ ನ್ಯೂಜೆರ್ಸಿಯ ಮಾರಿಸ್‌ಟೌನ್ ಪಟ್ಟಣದಲ್ಲಿ ಇಬ್ಬರ ಕಂಚಿನ ಪ್ರತಿಮೆ ನಿಂತಿತು.

ಈ ಪುಸ್ತಕವನ್ನು ಯಾರಾದರೂ ಕನ್ನಡಕ್ಕೆ ತರಬೇಕೆಂದು ನನ್ನ ಆಸೆ. ಎಲ್ಲವನ್ನೂ ಬೇಡ, ಹೋಗುವ ಪ್ರಯಾಣದಿಂದ ವೆಸ್ಟ್ ಸ್ಟ್ರೀಟಿನವರೆಗೆ ಸಾಕು. ಅನುವಾದಕನಿಗೆ ತೊಡಕುಗಳಿವೆ. ನಾಯಿಯ ಹೆಗಲಿಗೆ ಬಿಗಿದು ಒಡೆಯನ ಕೈಗೆ ಬರುವ ಆ ಗಟ್ಟಿಯಾದ ಪಟ್ಟಿಗೆ ನಮ್ಮಲ್ಲಿ ಹೆಸರಿಲ್ಲ; ಲಗಾಮು ಎಂದರೆ ಒಡೆಯ ನಾಯಿಯನ್ನು ನಡೆಸಿದಂತಾಗುತ್ತದೆ, ನಾನು ಈ ಲೇಖನದಲ್ಲಿ 'ಹಿಡಿಕೆ' ಎಂದು ಹೇಗೋ ದಾಟಿದ್ದೇನೆ. ಇಂಗ್ಲಿಷಿನ ಪುಸ್ತಕ ಬಡ್ಡಿಯನ್ನು ಉದ್ದಕ್ಕೂ 'ಅವಳು' ಎನ್ನುತ್ತದೆ. ಪಶುಪಕ್ಷಿಗಳನ್ನೆಲ್ಲ ನಪುಂಸಕಲಿಂಗಕ್ಕೆ ತಳ್ಳುವ ನಮ್ಮ ವ್ಯಾಕರಣ 'ಅದು' ಎನ್ನೆನ್ನುತ್ತದೆ. ನಾನು ವ್ಯಾಕರಣದ ಮೇಷ್ಟರಾದ್ದರಿಂದ 'ಅದು' ಎಂದೇ ಬರೆದಿದ್ದೇನೆ. ಅನುವಾದಕನು ನನ್ನ ಮಾತನ್ನು ಕೇಳಬೇಕಾದದ್ದಿಲ್ಲ. ಅಚ್ಚು ಮಾಡಿಸುವುದಕ್ಕೆ ಮೊದಲು ಅದನ್ನು ಯಾರಿಂದಲಾದರೂ ನಿಧಾನವಾಗಿ, ನಾಟಕೀಯತೆಯಿಲ್ಲದೆ, ಓದಿಸಿ ಧ್ವನಿಮುದ್ರಿಸಿದರೆ ಒಳ್ಳೆಯದು. ನನ್ನ ವಿದ್ಯಾರ್ಥಿ ಆಗಲೇ ಎರಡು ಸಲ ಕೇಳಿದ್ದಾನೆ.